ಮಾರ್ತೊನನ ಟೋಪಿ

ಏರು, ಇದು ಏರು, ವಿಮಾನದ ಹೊಟ್ಟೆಯೊಳಗೆ ಒಂದು ದಿಬ್ಬ ಇರುತ್ತದೆಂದು ಯಾರೂ ಹೇಳಿರಲಿಲ್ಲ, ಬಾಲ ನೆಲಕ್ಕೂರಿ ಮೂತಿ ಮೇಲಕ್ಕೆತ್ತಿ ಕೂತಿದೆ, ಬಾಗಿಲಲ್ಲಿ ಕಾಯುವ ನಾಯಿಯ ಹಾಗೆ, ಹತ್ತುವ ಬಾಗಿಲು ಬಾಲದ ಕಡೆ, ನನ್ನ ಸೀಟು ತಲೆಯ ಕಡೆ, ಮೊಟ್ಟೆಯ ಬುಟ್ಟಿ ತೋಳಿಗೇರಿಸಿ ಸೀಟುಗಳ ಬೆನ್ನು ಹಿಡಿದು ಹಿಡಿದು ಹತ್ತಿ ಬಂದೆ, ಲಂಗದ ಮೇಲೆ ಲಂಗ ಉಟ್ಟಿದ್ದೇನೆ, ರಾಜಧಾನಿಗೆ ಹೋಗುವ ಹಳ್ಳಿ ಹೆಂಗಸು ಮತ್ತೇನು ಉಡಬೇಕು, ಕಾಲಿಗೆ ತೊಡರುತ್ತದೆ, ಈಗ ಕೂತೆ, ಕೂತರೂ ಬೆನ್ನು ಹಿಂದಕ್ಕೆ ವಾಲುತ್ತದೆ, ಮಂಡಿಯ ಮೇಲೆ ಬಿಸಿಲಿನ ತುಂಡೊಂದು ಬಿದ್ದಿದೆ, ಕಿಟಕಿಯಷ್ಟೇ ದೊಡ್ಡದು, ಮಾರ್ಚ್ ತಿಂಗಳ ಬಿಸಿಲು, ಬೆಳಕಿದೆ, ಕಾವಿಲ್ಲ. ಹೊರಗೆ ಹುಲ್ಲಿನ ಮೇಲೆ ತೂಕದ ಯಂತ್ರ ಇಟ್ಟಿದ್ದರು, ಒಬ್ಬೊಬ್ಬರನ್ನೇ ಹತ್ತಿಸಿ ತೂಗಿದರು, ಬುಟ್ಟಿ ಸಮೇತ ಹತ್ತಮ್ಮಾ ಅಂದ ತೂಗುವವನು, ನೀಲಿ ಕೋಟಿನ ಮುದುಕ, ಏನಪ್ಪಾ ಹಂದಿ ತೂಗೋ ಹಾಗೆ ತೂಗ್ತೀಯಲ್ಲ ಅಂದೆ, ಹಂದಿ ಹಾರಲ್ಲಮ್ಮಾ, ನೀನು ಹಾರ್ತೀಯಲ್ಲ, ಅದಕ್ಕೇ ತೂಗೋದು, ಅಂದ, ಸಾಲಿನಲ್ಲಿ ನಿಂತವರೆಲ್ಲ ನಕ್ಕರು, ನಾನೂ ನಕ್ಕೆ, ನಗದೆ ಏನು ಮಾಡಲಿ, ನಾನು ಹೆದರಿದ್ದನ್ನು ಯಂತ್ರದ ಮುಳ್ಳು ತೋರಿಸಿಬಿಡುತ್ತಿತ್ತು, ಅಲ್ಲಾಡುತ್ತಲೇ ಇತ್ತು ಅದು, ನೆಟ್ಟಗೆ ನಿಲ್ಲಮ್ಮಾ ಅಂತ ಅವನು, ನಿಂತೇ ಇದೀನಿ, ನಿನ್ನ ಯಂತ್ರಕ್ಕೇ ಚಳಿ ಅಂತ ನಾನು.

ಮೊಟ್ಟೆ ಮಾರಲು ಹೋಗುತ್ತಿದ್ದೇನೆ, ಯಾರು ಕೇಳಿದರೂ ಅದೇ, ಬುಡಾಪೆಸ್ಟಿನ ದೊಡ್ಡ ಮಾರುಕಟ್ಟೆಯಲ್ಲಿ ಹಳ್ಳಿ ಮೊಟ್ಟೆಗೆ ಒಳ್ಳೆಯ ಬೆಲೆ, ರೈಲಿನಲ್ಲಿ ಕುಲುಕಿ ಒಡೆಯುತ್ತವೆ, ವಿಮಾನದಲ್ಲಿ ಒಡೆಯುವುದಿಲ್ಲ, ಪಕ್ಕದೂರಿನ ಹೆಂಗಸರು ಹೋಗುತ್ತಾರಲ್ಲ, ಕೋಳಿಯನ್ನೇ ಒಯ್ಯುತ್ತಾರೆ — ಇದು ಜನರಿಗೆ ಹೇಳುವ ಮಾತು. ನಿಜ ಹೇಳಬೇಕೆಂದರೆ ರೈಲು ನಿಲ್ದಾಣದ ಬೆಂಚಿನ ಮೇಲೆ ಸಂಘದವರ ಜನ ಕೂತಿದ್ದಾರೆ, ಯಾರ ಹೆಂಡತಿ ಯಾವ ರೈಲು ಹತ್ತುತ್ತಾಳೆಂದು ನೋಡಲು, ಹೆಂಡತಿಯ ಹಿಂದೆ ಹೋದರೆ ಗಂಡ ಸಿಗುತ್ತಾನೆ, ಗಂಡ ಸಿಕ್ಕರೆ ಸಹಿ ಸಿಗುತ್ತದೆ. ಎಲ್ಲರ ಹೊಲ ಒಟ್ಟುಮಾಡಿ ಉಳುವ ಸರ್ಕಾರದ ಸಂಘಕ್ಕೆ ಭೂಮಿ ಸೇರಿಸುವ ಸಹಿಯನ್ನು ಮನೆಯ ಯಜಮಾನನೇ ಹಾಕಬೇಕಂತೆ, ಯಜಮಾನ ಮನೆಯಲ್ಲಿಲ್ಲದಿದ್ದರೆ ಯಾರೇನು ಮಾಡುತ್ತಾರೆ, ಅದಕ್ಕೇ ಈ ಚಳಿಗಾಲದಲ್ಲಿ ನಮ್ಮೂರು ತಾರ್ಕಹೋಮೋಕಿನ ಗಂಡಸರೆಲ್ಲ ಮಾಯ, ಒಬ್ಬ ಹುಲ್ಲಿನ ಅಟ್ಟದ ಮೇಲೆ, ಒಬ್ಬ ಹೊಟ್ಟೆನೋವೆಂದು ಆಸ್ಪತ್ರೆಯಲ್ಲಿ, ನನ್ನ ಮಾರ್ತೊನ್ ಬುಡಾಪೆಸ್ಟಿನಲ್ಲಿ ಚಿಕ್ಕಪ್ಪನ ಮಗನ ಕಲ್ಲಿದ್ದಲು ಅಂಗಡಿಯ ಹಿಂದಿನ ಕೋಣೆಯಲ್ಲಿ, ಹಗಲೆಲ್ಲ ಕಲ್ಲಿದ್ದಲು ಹೊರುವುದು, ಮಿಕ್ಕ ಹೊತ್ತು ಗೋಡೆ ನೋಡುವುದು. ಹೋಗುವಾಗ ಹೊಸ್ತಿಲಲ್ಲಿ ನಿಂತು ಹೇಳಿದ, ವೆರೋ, ನೀನೇ ಬಂದು ಹೇಳು, ಹಾಕು ಅಂದ್ರೆ ಹಾಕ್ತೀನಿ, ಬೇಡ ಅಂದ್ರೆ ಇಲ್ಲ, ಬೇರೆ ಯಾರ ಬಾಯಿಂದ ಬಂದ್ರೂ ಕೇಳಲ್ಲ. ಎಂಥ ಗಂಡಸು, ತನ್ನ ಕಲ್ಲನ್ನು ಎತ್ತಿ ನನ್ನ ಮಡಿಲಲ್ಲಿಟ್ಟು ಹೋದ. ಆಗ ಸುಲಭವಾಗಿತ್ತು, ಬೇಡ ಅನ್ನುವುದೇ ನನ್ನ ಮಾತಾಗಿತ್ತು, ಮಾವ ಉತ್ತ ನೆಲ, ನಾನು ಮದುವೆಯಾಗಿ ಬಂದ ಮರುದಿನವೇ ಕಳೆ ಕಿತ್ತ ನೆಲ, ಯಾರಿಗೆ ಬಿಟ್ಟುಕೊಡುವುದು — ಆಮೇಲೆ ನಮ್ಮ ಮಗಳು ಎತೆಲ್ಕಳನ್ನು ಶಾಲೆಯಿಂದ ಮನೆಗೆ ಕಳಿಸಿದರು, ಮೇಷ್ಟ್ರಾಗಲು ಓದುತ್ತಿರುವ ಹುಡುಗಿ, ನಿಮ್ಮಪ್ಪ ಸಹಿ ಹಾಕೋವರೆಗೂ ಬರಬೇಡ ಅಂದರಂತೆ, ಸೋಮವಾರ ಹೆಸರು ಹೊಡೆದುಹಾಕುತ್ತಾರಂತೆ, ಅವಳು ಅಳಲಿಲ್ಲ, ಒಲೆಯ ಮುಂದೆ ಕೂತು ಪುಸ್ತಕ ಬಿಚ್ಚಿದಳು, ಪುಟ ತಿರುಗಿಸಲಿಲ್ಲ, ಸಂಜೆಯವರೆಗೂ ಅದೇ ಪುಟ. ಇವತ್ತು ಶನಿವಾರ. ವಿಮಾನ ಇಳಿಯುವುದರೊಳಗೆ ಹೌದೋ ಅಲ್ಲವೋ ನನ್ನ ಬಾಯಿಗೆ ಬಂದಿರಬೇಕು.

ಇದೇ ವಿಮಾನ ದಿನಾ ಬೆಳಿಗ್ಗೆ ನಮ್ಮ ತಲೆಯ ಮೇಲೆ ಹೋಗುತ್ತದೆ, ಹೊಲದಲ್ಲಿದ್ದರೆ ಮೊದಲು ಮೊಳಗು ಕೇಳುತ್ತದೆ, ಆಮೇಲೆ ಹಕ್ಕಿಗಳು ಸುಮ್ಮನಾಗುತ್ತವೆ, ಆಮೇಲೆ ಅದು ಬರುತ್ತದೆ, ಬೆಳ್ಳಗೆ, ತಾನೇ ರಾಜ ಎನ್ನುವಂತೆ, ನಾನು ಕತ್ತೆತ್ತುವುದೇ ಇಲ್ಲ, ನನಗೆ ಕಳೆ ಕೀಳುವ ಕೆಲಸವಿದೆ, ಮಾರ್ತೊನ್ ಮಾತ್ರ ಕೈಯಲ್ಲಿ ಏನಿದ್ದರೂ ನೆಲಕ್ಕಿಟ್ಟು ಬೆನ್ನು ನೆಟ್ಟಗೆ ಮಾಡಿ ಟೋಪಿ ತೆಗೆದು ತೋಳು ಪೂರ್ತಿ ಎತ್ತಿ ಹಿಡಿಯುತ್ತಾನೆ, ಅದು ಮರೆಯಾಗುವವರೆಗೂ, ಪಾದ್ರಿಗೂ ಅಷ್ಟು ಮರ್ಯಾದೆ ಕೊಟ್ಟವನಲ್ಲ, ಸುಖವಾಗಿ ಹೋಗ್ಬನ್ನಿ ದೊರೆಗಳೇ ಅನ್ನುತ್ತಾನೆ, ನಾನು ಅನ್ನುತ್ತೇನೆ, ನಿನ್ನ ಬೆವರು ನಾತದ ಟೋಪಿನ ಅಲ್ಲಿಂದ ಯಾರು ನೋಡ್ತಾರೋ, ಬಗ್ಗಿ ಕೆಲಸ ಮಾಡು, ಅವನು ಅನ್ನುತ್ತಾನೆ, ಯಾರಾದ್ರೂ ಒಬ್ರು ನೋಡ್ತಾರೆ ಬಿಡು. ವರ್ಷವಿಡೀ ಇದೇ ಜಗಳ, ಈಗ ನಾನು ಆ ಬೆಳ್ಳನೆಯದರ ಒಳಗೇ ಕೂತಿದ್ದೇನೆ, ಒಳಗೆ ಬೆಳ್ಳಗೇನೂ ಇಲ್ಲ, ಪೆಟ್ರೋಲು ವಾಸನೆ, ಹಳೆಯ ಕಂಬಳಿ ವಾಸನೆ, ಮುಂದಿನ ಸೀಟಿನವನ ಕೊರಳಪಟ್ಟಿಯಲ್ಲಿ ಬೆಳ್ಳುಳ್ಳಿ ವಾಸನೆ — ಅಯ್ಯೋ ಇದು ಯಾರು, ದಿಬ್ಬ ಹತ್ತಿ ಏದುಸಿರು ಬಿಡುತ್ತಾ ಬರುತ್ತಿರುವುದು ಯಾರು, ಆ ಬೂದು ಕೋಟು, ಆ ದಪ್ಪ ಬೆರಳುಗಳು, ದೇವರೇ, ಶಿಪೇಕಿ. ಬುಡಾಪೆಸ್ಟಿನ ಕಾರ್ಖಾನೆಯಲ್ಲಿ ಲೇತ್ ಕೆಲಸದವನು, ನಮ್ಮೂರಿನವರ ಮನಸ್ಸು ತಿರುಗಿಸಲು ಕಳಿಸಿದ ತಂಡದ ಮುಖಂಡ, ಈ ಚಳಿಗಾಲವೆಲ್ಲ ನನ್ನ ಅಡುಗೆಮನೆಯ ಬೆಂಚಿನ ಮೇಲೆ ಕೂತು ನನ್ನ ಅಕ್ರೋಟು ಒಡೆದೊಡೆದು ತಿಂದವನು, ಅರವತ್ತೊಂದನೇ ಇಸವಿನಲ್ಲಿ ಯಾರಮ್ಮಾ ಎತ್ತು ಕಟ್ಟಿ ಉಳ್ತಾರೆ ಅಂತ ದಿನಾ ಒಂದೇ ಪಾಠ ಒಪ್ಪಿಸಿದವನು, ಯಜಮಾನ್ರು ಎಲ್ಲಿ ಅಂತ ಕೇಳಿದರೆ ಸತ್ತ ಅಂದೆ ಒಂದು ದಿನ, ಇನ್ನೊಂದು ದಿನ ಚಂದ್ರಲೋಕಕ್ಕೆ ಹೋಗಿದಾನೆ ಅಂದೆ, ಅವನಿಗೆ ಸಿಟ್ಟು ಬರಲಿಲ್ಲ, ಹಿತ್ತಿಲಿಗೆ ಹೋಗಿ ನನ್ನ ಕಟ್ಟಿಗೆ ಒಡೆದ, ಕೆಟ್ಟದಾಗಿ ಒಡೆದ, ಆದರೂ ಒಡೆದ. ಖಾಲಿ ಇರುವುದು ನನ್ನ ಪಕ್ಕದ ಸೀಟು ಒಂದೇ.

ವೆರೋನ್ಕಮ್ಮ, ನೀವಾ ಅಂದ, ನಾನೇ, ಯಾಕೆ, ಮೊಟ್ಟೆ ಮಾರೋಕೂ ಸಂಘದ ಅಪ್ಪಣೆ ಬೇಕಾ ಅಂದೆ, ಇಲ್ಲಮ್ಮ, ನಾನೂ ಮನೆಗೇ ಹೊರಟಿದ್ದು, ಒಂದು ಭಾನುವಾರ ಬಿಟ್ಟಿದಾರೆ ಪುಣ್ಯಕ್ಕೆ, ನನ್ನ ಹೆಂಡ್ತಿ ಮುಖಾನೇ ಮರೆತೋಗಿದೆ, ಅಂದ, ಬೆಲ್ಟು ಎಲ್ಲಿ ಸಿಕ್ಕಿಸುವುದೆಂದು ಅವನಿಗೂ ಗೊತ್ತಿಲ್ಲ, ದಪ್ಪ ಬೆರಳು ತಡಕಾಡುತ್ತಿವೆ, ಇವನಿಗೂ ಮೊದಲ ಸಲ, ಇವನೂ ಹೆದರಿದ್ದಾನೆ, ಹಣೆಯ ಮೇಲೆ ಬೆವರು. ಮನಸ್ಸು ಲೆಕ್ಕ ಹಾಕುತ್ತಿದೆ, ಇಳಿದ ಮೇಲೆ ಇವನು ನನ್ನ ಬೆನ್ನು ಹತ್ತಿದರೆ, ಮಾರುಕಟ್ಟೆಗೇ ಮೊದಲು ಹೋಗಬೇಕು, ಮೊಟ್ಟೆ ನಿಜಕ್ಕೂ ಮಾರಬೇಕು, ಆಮೇಲೆ ಟ್ರಾಮು — ವಿಮಾನದ ಹುಡುಗಿ ಬಂದಳು, ನೀಲಿ ಟೋಪಿ, ತಟ್ಟೆಯಲ್ಲಿ ಹುಳಿ ಪೆಪ್ಪರಮಿಂಟು, ತಗೊಳ್ಳಿ ಅಮ್ಮಾ, ಬಾಯಲ್ಲಿಟ್ಕೊಂಡು ನುಂಗ್ತಾ ಇರಿ, ಕಿವಿ ಕಟ್ಟಲ್ಲ, ಎಷ್ಟು ತಗೋಬೇಕು ಮಗಳೇ ಅಂದೆ, ನಗುತ್ತಾಳೆ, ಒಂದು ಅಮ್ಮಾ, ನಾನು ಎರಡು ತೆಗೆದೆ, ಒಂದು ಎತೆಲ್ಕಳಿಗೆ. ಆಗ ಎಡ ರೆಕ್ಕೆಯ ಎಂಜಿನು ಕೆಮ್ಮಿತು, ಕಪ್ಪು ಹೊಗೆ ಉಗುಳಿ ಕೆಮ್ಮಿ ಕೆಮ್ಮಿ ತಿರುಗತೊಡಗಿತು, ಬಲಗಡೆಯದೂ ಶುರುವಾಯಿತು, ಬುಟ್ಟಿಯೊಳಗೆ ಹೊಟ್ಟಿನ ನಡುವೆ ಮೊಟ್ಟೆಗಳು ಒಂದಕ್ಕೊಂದು ಏನೋ ಹೇಳಿಕೊಳ್ಳುತ್ತಿವೆ, ನನ್ನ ಹಲ್ಲುಗಳೂ ಅದೇ ಮಾತಾಡುತ್ತಿವೆ, ಓಡಿತು, ಹುಲ್ಲಿನ ಮೇಲೆ ಗಡಗಡ ಗಡಗಡ, ಗಾಡಿ ಕುದುರೆ ಬೆದರಿ ಓಡಿದಾಗಲೂ ಹೀಗೆ ಓಡಿರಲಿಲ್ಲ, ಪರಲೋಕದಲ್ಲಿರುವ ನಮ್ಮ ತಂದೆಯೇ ಅಂತ ಶುರುಮಾಡಿದೆ, ಎರಡನೆಯ ಸಾಲು ನೆನಪಾಗುವುದರೊಳಗೆ ಬಾಲ ಎದ್ದಿತು, ನನ್ನ ಬೆನ್ನ ಹಿಂದಿನ ದಿಬ್ಬ ಮಟ್ಟಸವಾಯಿತು, ಎಲ್ಲರೂ ನೆಟ್ಟಗೆ ಕೂತೆವು, ಊಟದ ಮೇಜಿಗೆ ಕೂತ ಹಾಗೆ, ಆಮೇಲೆ ಗಡಗಡ ನಿಂತೇಹೋಯಿತು. ನೆಲ ನಮ್ಮನ್ನು ಬಿಟ್ಟಿತ್ತು. ಇಷ್ಟೇನಾ, ಇಷ್ಟು ಮೆತ್ತಗೆ ಬಿಟ್ಟುಕೊಡುತ್ತದಾ, ಹುಟ್ಟಿದಾಗಿನಿಂದ ಕಾಲು ಹಿಡಿದು ಎಳೆಯುತ್ತಿದ್ದ ನೆಲ, ಮಳೆಗಾಲದಲ್ಲಿ ಬೂಟು ಬಿಡಿಸಿಕೊಳ್ಳಲು ಒದ್ದಾಡಿದ ನೆಲ, ಹಾಗೇ ಬಿಟ್ಟುಬಿಟ್ಟಿತು.

ನೋಡಬಾರದೆಂದಿದ್ದೆ, ನೋಡಿದೆ. ತೂಕದ ಯಂತ್ರ ಕಂಡಿತು, ಮುದುಕನ ನೀಲಿ ಕೋಟು, ಅದೂ ಒಂದು ಚುಕ್ಕೆಯಾಯಿತು, ಮನೆಗಳ ಮೇಲ್ಗಡೆ ಕಂಡಿತು, ಮನೆಯ ಮೇಲ್ಗಡೆಯನ್ನು ನಾನು ಯಾವತ್ತೂ ನೋಡಿಲ್ಲ, ಯಾರು ನೋಡುತ್ತಾರೆ, ಕೊಕ್ಕರೆ ನೋಡುತ್ತದೆ, ಚಿಮಣಿಯ ಬಾಯಿ, ಒಣಹಾಕಿದ ಬಟ್ಟೆ, ಹಿತ್ತಿಲಲ್ಲಿ ಒಬ್ಬಳು ಕೋಳಿಗೆ ಕಾಳು ಹಾಕುತ್ತಿದ್ದಾಳೆ, ಅವಳು ಮೇಲೆ ನೋಡಲಿಲ್ಲ, ನನ್ನಂಥವಳೇ, ಅವಳಿಗೂ ಕೆಲಸವಿದೆ. ಇದೆಲ್ಲ ಯಾವಾಗಲೂ ಹೀಗೇ ಇತ್ತೇ, ಇಷ್ಟು ಚೆಂದ, ಇಷ್ಟು ಒಪ್ಪವಾಗಿ, ನಾವು ಕೆಳಗೆ ಕೆಸರು ತುಳಿದುಕೊಂಡು ಒಬ್ಬರಿಗೊಬ್ಬರು ಬೈದುಕೊಂಡು ಓಡಾಡುವ ಹೊತ್ತಿನಲ್ಲೂ ಮೇಲಿನಿಂದ ಹೀಗೇ ಕಾಣುತ್ತಿತ್ತೇ, ಪೆಪ್ಪರಮಿಂಟು ಕೆನ್ನೆಗೆ ಒತ್ತಿಕೊಂಡೇ ಉಳಿಯಿತು. ಹೊಲಗಳು, ಹೊಲಗಳ ಪಟ್ಟಿಗಳು, ಪಕ್ಕ ಪಕ್ಕ ಪಕ್ಕ, ಅಜ್ಜಿಯ ಮಗ್ಗದಿಂದ ಇಳಿಸಿದ ಕಂಬಳಿಯ ಹಾಗೆ, ಉತ್ತದ್ದು ಕಂದು, ಬಿಟ್ಟದ್ದು ಹಳದಿ, ರೈ ಧಾನ್ಯದ ಪೈರಿದ್ದ ಕಡೆ ಹಸಿರು, ಹಿಮವೆಲ್ಲ ಕರಗಿಹೋಗಿದೆ, ಬದುಗಳ ನೆರಳಲ್ಲಿ ಮಾತ್ರ ಉಳಿದಿದೆ, ಅದಕ್ಕೇ ಪ್ರತಿಯೊಂದು ಬದುವಿಗೂ ಒಂದೊಂದು ಬಿಳಿ ಗೆರೆ, ಯಾರದು ಎಲ್ಲಿ ಮುಗಿಯುತ್ತದೆ ಯಾರದು ಎಲ್ಲಿ ಶುರು ಎಂದು ಬಿಳಿ ನೂಲಿನಲ್ಲಿ ಹೊಲಿದಿಟ್ಟ ಹಾಗಿದೆ. ಮುಂದಿನ ವರ್ಷ ಈ ಗೆರೆ ಒಂದೂ ಇರುವುದಿಲ್ಲ, ಟ್ರಾಕ್ಟರಿಗೆ ಬದು ಬೇಡ, ಇದನ್ನು ಹೀಗೆ ನೋಡುವ ಕೊನೆಯ ಮಾರ್ಚ್ ಇದು, ಅದನ್ನು ನೋಡಲು ನನ್ನನ್ನು ಹತ್ತಿಸಿ ಕಳಿಸಿದರೇನೋ, ಯಾರು ಕಳಿಸಿದರು, ಯಾರೂ ಇಲ್ಲ, ನಾನೇ ಟಿಕೆಟು ತೆಗೆಸಿದ್ದು.

ಚರ್ಚಿನ ಗೋಪುರ ನಮ್ಮದೇ, ತುದಿಯ ತಗಡಿನ ಹುಂಜ ಓರೆಯಾಗಿದೆ, ಯುದ್ಧದಲ್ಲಿ ಗುಂಡು ತಗುಲಿದ್ದು, ಅಂದರೆ ಇದು ತಾರ್ಕಹೋಮೋಕ್, ಅಂದರೆ ಬಾವಿಯ ಆಚೆ, ಸ್ಮಶಾನದ ಆಚೆ, ರಸ್ತೆ ಬಾಗುವ ಕಡೆ — ಅದೋ, ಅದು. ನಮ್ಮ ಪಟ್ಟಿ. ಹಸಿರು, ಎರಡು ಕಡೆಯೂ ಉತ್ತ ಕಂದು ನೆಲ, ನಡುವೆ ನಮ್ಮ ರೈ ಪೈರಿನ ಹಸಿರು, ಅಂಚಿಗೆ ಬಿಳಿ ಗೆರೆ, ತುದಿಯಲ್ಲಿ ಮಾವ ನೆಟ್ಟ ಅಕ್ರೋಟು ಮರ, ಎಲೆಯಿಲ್ಲದೆ, ಮಾವ ಆ ಮರದ ಮೇಲೆ ಕಣ್ಣಿಟ್ಟೇ ಎತ್ತು ಹೊಡೆಯುತ್ತಿದ್ದ, ಹಿಂದೆ ತಿರುಗಬೇಡ, ಕಾಲ ಕೆಳಗೆ ನೋಡಬೇಡ, ಮರ ನೋಡು, ಗೆರೆ ತಾನಾಗಿ ನೆಟ್ಟಗೆ ಬರುತ್ತೆ ಅಂತ ಮಾರ್ತೊನನಿಗೆ ಹೇಳಿಕೊಡುತ್ತಿದ್ದ, ನೆಟ್ಟಗಿದೆ ಮಾವ, ಮೇಲಿನಿಂದ ನೋಡಿದೆ, ಎಳೆದು ಕಟ್ಟಿದ ದಾರದ ಹಾಗೆ ನೆಟ್ಟಗಿದೆ, ನೀನು ನೋಡಲಿಲ್ಲ, ನಿನ್ನ ಮಗ ನೋಡಲಿಲ್ಲ, ನಾನು ನೋಡಿದೆ. ಎಷ್ಟು ಸಣ್ಣದು ಇದು, ಕೈ ಚಾಚಿದರೆ ಎರಡು ಬೆರಳು ಅಗಲ, ಬೆನ್ನು ಬಾಗಿದ್ದೆಲ್ಲ ಈ ಎರಡು ಬೆರಳಿಗಾ, ಆದರೂ ಎಷ್ಟು ಹಸಿರು. ಮರದ ನೆರಳು ಪೈರಿನ ಮೇಲೆ ಉದ್ದಕ್ಕೆ ಬಿದ್ದಿದೆ, ಬೆಳಗಿನ ನೆರಳು, ಅದರ ಪಕ್ಕದಲ್ಲಿ ಇನ್ನೊಂದು ನೆರಳು, ತೆಳ್ಳಗೆ, ಅದೂ ಉದ್ದ, ಅದಕ್ಕೆ ಮರವಿಲ್ಲ, ನೆರಳಿನ ಬುಡದಲ್ಲಿ ಒಂದು ಕಪ್ಪು ಚುಕ್ಕೆ, ಚುಕ್ಕೆ ಅಲ್ಲಾಡಲಿಲ್ಲ, ನೆರಳು ಅಲ್ಲಾಡಿತು, ನೆರಳಿನ ಒಂದು ಕೈ ಮೈಯಿಂದ ಬಿಡಿಸಿಕೊಂಡು ಮೇಲೆ ಬಂತು, ಪೂರ್ತಿ ಚಾಚಿತು, ಕೈಯ ತುದಿಯಲ್ಲಿ ಅಗಲವಾದ ದುಂಡನೆಯದೊಂದು, ಟೋಪಿ. ಟೋಪಿ ತೆಗೆದು ಎತ್ತಿ ಹಿಡಿದಿದ್ದಾನೆ. ಊರಿನಲ್ಲಿ ಇನ್ನೊಬ್ಬ ಗಂಡಸಿಲ್ಲ ಹಾಗೆ ಮಾಡುವವನು.

ಕಲ್ಲಿದ್ದಲು ಅಂಗಡಿಯ ಹಿಂದಿನ ಕೋಣೆಯಲ್ಲಿ ಇರಬೇಕಾದವನು, ಕಣ್ಣು ತಪ್ಪಿಸಿ ಹಿಂದಿನ ಸ್ಟೇಷನ್ನಿನಲ್ಲಿ ಇಳಿದು ಹೊಲದ ದಾರಿಯಲ್ಲಿ ನಡೆದು ಬಂದಿದ್ದಾನೆ, ಮನೆಗೆ ಬಂದಿಲ್ಲ, ನನ್ನ ಹತ್ತಿರ ಬಂದಿಲ್ಲ, ಪೈರು ನೋಡಲು ಬಂದಿದ್ದಾನೆ, ಹಿಮ ಕರಗಿದ ಮೇಲೆ ರೈ ಪೈರು ನೋಡದೆ ಇರಲಾರದವನು, ಕತ್ತೆ, ನನ್ನ ಕತ್ತೆ, ನಾನು ನಿನ್ನ ಹತ್ತಿರ ಹೊರಟು ನಿನ್ನ ತಲೆಯ ಮೇಲೆಯೇ ಹೋಗುತ್ತಿದ್ದೇನಲ್ಲೋ. ಅದೇನಮ್ಮ ಕಾಣ್ತಿದೆ, ನಿಮ್ಮೂರಲ್ವಾ ಅದು, ಅಂದಿತು ಕಿವಿಯ ಹತ್ತಿರವೇ ಧ್ವನಿ, ಶಿಪೇಕಿ ನನ್ನ ಮೇಲೆ ಬಾಗಿ ಕಿಟಕಿಗೆ ಮುಖ ತರುತ್ತಿದ್ದಾನೆ, ಅವನಿಗೂ ಆ ಗೋಪುರ ಗೊತ್ತು, ಆ ಬಾವಿ ಗೊತ್ತು, ನಮ್ಮ ಪಟ್ಟಿಯನ್ನು ಹೆಜ್ಜೆ ಹಾಕಿ ಅಳೆದವನೇ ಅವನು, ನನಗೆ ಏನು ಮಾಡಬೇಕೋ ತೋಚಲಿಲ್ಲ, ಕೈ ತಾನಾಗಿ ತಲೆವಸ್ತ್ರ ಬಿಚ್ಚಿ ಗಾಜಿಗೆ ಒತ್ತಿ ಹಿಡಿಯಿತು, ಬಿಸಿಲು ಕಣ್ಣು ಚುಚ್ಚುತ್ತೆ ಅಂದೆ, ಈ ವಯಸ್ಸಿಗೆ ಪರಗಂಡಸಿನ ಮುಂದೆ ತಲೆ ಬಿಚ್ಚಿಕೊಂಡು, ಬಿಸಿಲು ಆ ಕಡೆ ಇದೆಯಲ್ಲಮ್ಮ ಅಂದ, ನಿನಗೆ ಆ ಕಡೆ, ನನಗೆ ಈ ಕಡೆ, ಅಂದೆ, ಅಷ್ಟರಲ್ಲಿ ವಿಮಾನ ಒಂದು ಹಳ್ಳಕ್ಕೆ ಬಿತ್ತು, ಆಕಾಶದಲ್ಲಿ ಹಳ್ಳ, ಎಲ್ಲರ ಬಾಯಿಂದಲೂ ಒಂದೇ ಉಸಿರು, ಇವನ ಮುಖ ಸುಣ್ಣದ ಗೋಡೆಯಾಯಿತು, ಆಮೇಲೆ ಹಸಿರಾಯಿತು, ಕಾಗದದ ಚೀಲ, ಎಲ್ಲಿ ಚೀಲ, ನಾನೇ ಬಿಚ್ಚಿ ಬಾಯಿಗೆ ಹಿಡಿದೆ, ಇನ್ನೊಂದು ಕೈ ಕಿಟಕಿಯ ಮೇಲೇ, ಅವನು ಕಕ್ಕಿದ, ಪಾಪ, ಕಕ್ಕುತ್ತಲೇ ನನ್ನ ಮಣಿಕಟ್ಟು ಹಿಡಿದುಕೊಂಡ, ಲೇತ್ ಹಿಡಿದ ಕೈ, ಮೂಳೆ ಮುರಿಯುತ್ತದೇನೋ, ಬಿಡು ಅನ್ನಲಿಲ್ಲ ನಾನು, ಹಿಡ್ಕೊ, ಹಿಡ್ಕೊ ಅಂದೆ, ಎತೆಲ್ಕಳಿಗೆ ಜ್ವರ ಬಂದಾಗ ಅನ್ನುವ ಹಾಗೆ. ತಲೆವಸ್ತ್ರ ತೆಗೆದಾಗ ಕೆಳಗೆ ಬೇರೆ ಯಾರದೋ ಹೊಲಗಳಿದ್ದವು.

ಕಕ್ಕುವ ಮೊದಲು ಅವನ ಕಣ್ಣು ಎಲ್ಲಿತ್ತು, ನೋಡಿದನೋ ಇಲ್ಲವೋ, ನೋಡಿದ್ದರೆ ಇಳಿದ ಕೂಡಲೇ ಫೋನು ಮಾಡುತ್ತಾನೆ, ಮಾಡಿದರೆ ಮಧ್ಯಾಹ್ನದೊಳಗೆ ಅವರು ಹೊಲಕ್ಕೆ ಹೋಗಿ ಹಿಡಿಯುತ್ತಾರೆ, ಹಿಡಿದ ಗಂಡಸಿನಿಂದ ಸಹಿ ತೆಗೆಯುವುದೇ ಬೇರೆ, ಅವನೇ ನಡೆದು ಬಂದು ಹಾಕುವುದೇ ಬೇರೆ, ಆ ವ್ಯತ್ಯಾಸವೊಂದೇ ನಮಗೆ ಉಳಿದಿರುವುದು. ಮೋಡ ಬಂತು, ಕಿಟಕಿಯ ತುಂಬ ಬಿಳುಪು, ಆಮೇಲೆ ಮೋಡ ಕೆಳಗಾಯಿತು, ಮೋಡದ ಮೇಲ್ಗಡೆ, ಅದಕ್ಕೂ ಒಂದು ಮೇಲ್ಗಡೆ ಇದೆ, ಅದರ ಮೇಲೆ ಬಿಸಿಲು, ಯಾರೂ ತುಳಿಯದ ಬಿಸಿಲು, ಪಾದ್ರಿ ಬಾಯಿ ನೋಯುವ ಹಾಗೆ ಹೇಳಿದ್ದೆಲ್ಲ ಇದರ ಮುಂದೆ ಏನೂ ಅಲ್ಲ, ಕಣ್ಣಲ್ಲಿ ನೀರು ಬಂತು, ಬರಲಿ, ನನಗೆ ಭಯವಿಲ್ಲ ಈಗ, ಹಿಗ್ಗಾಗುತ್ತಿದೆ, ನಾಚಿಕೆಯಾಗುವಷ್ಟು ಹಿಗ್ಗು, ಮೊಟ್ಟೆ ಮಾರುವ ಹೆಂಗಸಿಗೆ ಇದನ್ನೆಲ್ಲ ತೋರಿಸುತ್ತಾರೆ, ಟಿಕೆಟು ಕೊಂಡರೆ ಯಾರಿಗಾದರೂ ತೋರಿಸುತ್ತಾರೆ. ಮೋಡ ಹರಿದ ಕಡೆ ತಿಸಾ ನದಿ ಕಂಡಿತು, ದಡ ಬಿಟ್ಟು ಹುಲ್ಲುಗಾವಲಿಗೆಲ್ಲ ಹರಿದಿದೆ, ನೀರೆಲ್ಲ ಹೊಳೆಯುತ್ತಿದೆ, ಇಷ್ಟು ದೊಡ್ಡ ನದಿಗೂ ತನ್ನ ಗೆರೆಯೊಳಗೆ ಇರಲು ಆಗುವುದಿಲ್ಲ — ಎಲ್ಲಿ ನೋಡಿದರೂ ಅದರ ಮೇಲೆ ಆ ನೆರಳೇ, ಕೈ ಮೇಲೆ ಬರುತ್ತದೆ, ಟೋಪಿ. ಅವನು ಬದುವಿನ ಮೇಲೆ ನಿಂತಿರಲಿಲ್ಲ, ಅದು ಈಗ ನನಗೆ ಹೊಳೆಯುತ್ತಿದೆ, ಕಾವಲು ನಿಂತವನ ಹಾಗೆ ಬದುವಿನ ಮೇಲೆ ನಿಂತಿರಲಿಲ್ಲ, ಪೈರಿನ ನಡುವೆ ನಿಂತಿದ್ದ. ನೆಲ ತನ್ನದೆಂದು ಹೇಳಲು ಬಂದವನಲ್ಲ ಅವನು, ಹಾಗಾದರೆ ಕಲ್ಲಿದ್ದಲು ಕೋಣೆಯಲ್ಲೇ ಕೂತು ಹೇಳಬಹುದಿತ್ತು, ಸಹಿ ಹಾಕದೆ ಅಲ್ಲಿ ಕೂತರೆ ನೆಲ ಅವನದು, ಆದರೆ ನೆಲದ ಮೇಲೆ ಅವನಿಲ್ಲ. ತನ್ನದಲ್ಲದ ನೆಲದ ಮೇಲಾದರೂ ನಿಲ್ಲುತ್ತಾನೆ, ನೆಲ ಬಿಟ್ಟು ನಿಲ್ಲಲಾರ. ಇದನ್ನು ಅವನು ನನ್ನ ಬಾಯಿಂದ ಕೇಳಬೇಕೆಂದು ಕಾಯುತ್ತಿದ್ದ, ತನ್ನ ಕಾಲಿಂದ ತಾನೇ ಹೇಳಿಬಿಟ್ಟ, ದಡ್ಡ, ಹೇಳಿದ್ದೂ ಅವನಿಗೆ ಗೊತ್ತಿಲ್ಲ. ಬೇಡ ಅನ್ನುತ್ತಿದ್ದೆ ನಾನು, ಮೊನ್ನೆಯವರೆಗೂ ನಾಲಿಗೆಯ ತುದಿಯಲ್ಲಿ ಅದೇ ಇತ್ತು, ತಲೆವಸ್ತ್ರದ ತುದಿಯಲ್ಲಿ ಕಟ್ಟಿಕೊಂಡು ಒಯ್ಯುತ್ತಿದ್ದೆ ಆ ಬೇಡವನ್ನು, ಒಯ್ದಿದ್ದರೆ ಕಲ್ಲಿದ್ದಲಿನ ಕತ್ತಲಲ್ಲಿ ಅವನನ್ನು ನಾನೇ ಹೂಳುತ್ತಿದ್ದೆ. ಬದು ಹೋಗುತ್ತದೆ, ಮರವನ್ನೂ ಕಡಿಯುತ್ತಾರೆ, ಟ್ರಾಕ್ಟರು ತಿರುಗಲು ಜಾಗ ಬೇಕಲ್ಲ, ಅದು ನೋಯುತ್ತದೆ, ಸಾಯುವವರೆಗೂ ನೋಯುತ್ತದೆ, ನೋಯಲಿ.

ಶಿಪೇಕಿ ಕಣ್ಣು ಮುಚ್ಚಿ ಒರಗಿದ್ದಾನೆ, ತುಟಿ ಒಣಗಿದೆ, ಬುಟ್ಟಿಯ ಮೇಲಿನ ಬಟ್ಟೆಯಲ್ಲಿ ಉಪ್ಪಿನ ಪೊಗಾಚಾ ಇತ್ತು, ಪುಟ್ಟ ಪುಟ್ಟ ಬನ್ನು, ಮಾರ್ತೊನನಿಗೆಂದು ಬೇಯಿಸಿದ್ದು, ಒಂದು ತೆಗೆದು ಕೊಟ್ಟೆ, ತಿನ್ನಿ, ಖಾಲಿ ಹೊಟ್ಟೆನಲ್ಲಿ ಇನ್ನೂ ಕೆಟ್ಟದು, ಅಂದೆ, ಕಣ್ಣು ಬಿಡದೆಯೇ ತಿಂದ, ನಿಧಾನವಾಗಿ, ಆಮೇಲೆ ಅಂದ, ಆ ಗೆರೆ ಯಾರು ಹಾಕಿದ್ದು ವೆರೋನ್ಕಮ್ಮ, ಯಾವ ಗೆರೆ ಅಂದೆ, ನಿಮ್ಮ ಹೊಲದ್ದು, ಹಸಿರು ಪಟ್ಟಿದು, ಲೇತಿನ ಮೇಲೆ ನಾನು ಅಷ್ಟು ನೆಟ್ಟಗೆ ತೆಗೀತೀನಿ, ಯಂತ್ರ ಇರೋದ್ರಿಂದ ತೆಗೀತೀನಿ, ಅದನ್ನ ಬರಿಗೈಯಲ್ಲಿ ಯಾರು ಹಾಕಿದ್ದು. ನನ್ನ ಮಾವ, ಅಂದೆ, ಎರಡು ಎತ್ತು, ಒಂದು ಮರ. ಓ, ಅಂದ, ಮರ ಇತ್ತು, ಮರ ನೋಡಿದೆ, ಅಂದ, ಕಣ್ಣು ಬಿಟ್ಟ, ನನ್ನ ಕಡೆ ತಿರುಗಲಿಲ್ಲ, ಮುಂದಿನ ಸೀಟಿನ ಬೆನ್ನು ನೋಡುತ್ತಾ ಹೇಳಿದ, ಮರದ ಕೆಳಗೆ ಏನಿತ್ತು ಅಂತ ನನ್ನ ಯಾರೂ ಕೇಳಲ್ಲ, ಕೇಳಿದ್ರೂ ನನಗೆ ಹೊಟ್ಟೆ ತೊಳೆಸ್ತಿತ್ತು, ಚೀಲದೊಳಗೆ ಮುಖ ಇತ್ತು, ನೀವೇ ಸಾಕ್ಷಿ. ವಿಮಾನ ಮೊಳಗುತ್ತಲೇ ಇತ್ತು, ಎರಡನೆಯ ಪೊಗಾಚಾ ಕೊಟ್ಟೆ, ತೆಗೆದುಕೊಂಡ, ಚಳಿಗಾಲವೆಲ್ಲ ನನ್ನ ಶತ್ರುವೆಂದು ನೋಡಿದ ಮುಖ, ಹತ್ತಿರದಿಂದ ನೋಡಿದರೆ ನಿದ್ದೆಗೆಟ್ಟ ಮುಖ ಅಷ್ಟೇ, ಮನೆ ಬಿಟ್ಟು ಬಂದವನು, ಬೇರೆಯವರ ಮನೆಯ ಬೆಂಚಿನ ಮೇಲೆ ಕೂತು ಕೂತು ಬೇಸತ್ತವನು. ಸೋಮವಾರ ಬೆಳಿಗ್ಗೆ ಬನ್ನಿ ಶಿಪೇಕಿಯವರೇ, ಅಂದೆ, ನನ್ನ ಧ್ವನಿ ನನಗೇ ಬೇರೆಯವಳದೆನಿಸಿತು, ಬನ್ನಿ, ಅಡುಗೆಮನೆನಲ್ಲಿ ಇರ್ತಾನೆ, ತಾನಾಗೇ ಇರ್ತಾನೆ, ಆದ್ರೆ ಶಾಲೆಗೆ ಮೊದಲು ನೀವು ಹೇಳ್ಬೇಕು, ಹುಡುಗಿ ಸೋಮವಾರವೇ ಪಾಠಕ್ಕೆ ಹೋಗ್ಬೇಕು, ಹೆಸರು ಇದ್ದ ಹಾಗೇ ಇರ್ಬೇಕು. ಇಳಿದ ತಕ್ಷಣ ಫೋನು ಮಾಡ್ತೀನಿ ಅಂದ, ಗೆದ್ದವನ ಮುಖ ಮಾಡಲಿಲ್ಲ, ಕಾಗದದ ಚೀಲದ ಬಾಯಿಯನ್ನು ಮಡಚಿ ಮಡಚಿ ಸಣ್ಣದು ಮಾಡಿದ, ಕಟ್ಟಿಗೆ ಇನ್ನೂ ಅರ್ಧ ಉಳಿದಿದೆಯಲ್ಲ, ಅದನ್ನೂ ಒಡೆದು ಹೋಗ್ತೀನಿ, ಅಂದ. ನೀವು ಒಡೆದದ್ದು ಒಲೆ ಬಾಯಿಗೇ ಹೋಗಲ್ಲ, ಮುಟ್ಟಬೇಡಿ ಅದನ್ನ, ಅಂದೆ.

ಇಳಿಯುತ್ತಿದೆ, ಕಿವಿ ಮುಚ್ಚಿತು, ಎತೆಲ್ಕಳಿಗೆಂದು ಇಟ್ಟುಕೊಂಡ ಪೆಪ್ಪರಮಿಂಟು ಬಾಯಿಗೆ ಹಾಕಿಕೊಳ್ಳಲೇ ಎನ್ನಿಸಿತು, ಹಾಕಿಕೊಳ್ಳಲಿಲ್ಲ, ಬುಡಾಪೆಸ್ಟು ಬರುತ್ತಿದೆ, ಎಷ್ಟು ಮನೆ, ಎಷ್ಟು ಚಿಮಣಿ, ಒಂದೊಂದರ ಕೆಳಗೂ ಒಬ್ಬೊಬ್ಬಳು ಏನನ್ನೋ ಬೇಯಿಸುತ್ತಿದ್ದಾಳೆ, ಎಲ್ಲೋ ಒಂದು ಕಲ್ಲಿದ್ದಲು ಅಂಗಡಿ, ಅದರ ಹಿಂದೆ ಒಂದು ಖಾಲಿ ಕೋಣೆ, ಅಲ್ಲಿಗೆ ನಾನು ಹೋಗಬೇಕಾಗಿಲ್ಲ. ಫೆರಿಹೆಜ್ ವಿಮಾನ ನಿಲ್ದಾಣದ ಸಿಮೆಂಟು ನೆಲ ಬಂತು, ಮುಟ್ಟಿತು, ಗಡಗಡ, ಮೊಟ್ಟೆಗಳು ಮತ್ತೆ ಮಾತು ಶುರುಮಾಡಿದವು, ಬಾಲ ಮೆಲ್ಲಗೆ ಕೂತಿತು, ದಿಬ್ಬ ವಾಪಸು ಬಂತು, ಎಲ್ಲರೂ ಹಿಂದಕ್ಕೆ ವಾಲಿದೆವು, ಯಾರೋ ಚಪ್ಪಾಳೆ ತಟ್ಟಿದರು, ಎಲ್ಲರೂ ತಟ್ಟಿದರು, ಶಿಪೇಕಿಯೂ ತಟ್ಟಿದ. ಇಳೀರಮ್ಮ ಅಂದಳು ನೀಲಿ ಟೋಪಿಯ ಹುಡುಗಿ, ಇದು ವಾಪಸು ಯಾವಾಗ ಹೋಗತ್ತೆ ಮಗಳೇ ಅಂದೆ, ಮಧ್ಯಾಹ್ನ, ಯಾಕಮ್ಮಾ, ಮೊಟ್ಟೆ ಮಾರೋದಿಲ್ವಾ, ಬೇಡ, ಬಂದ ಕೆಲಸ ಆಯ್ತು, ಅಂದೆ, ಅವಳಿಗೆ ಅರ್ಥವಾಗಲಿಲ್ಲ, ಆಗಬೇಕಾಗಿಯೂ ಇಲ್ಲ. ಮಧ್ಯಾಹ್ನ ಹೋಗುವಾಗ ಆ ಕಡೆಯ ಕಿಟಕಿ ಕೇಳಬೇಕು, ಅವನು ಅಲ್ಲೇ ಇರುತ್ತಾನೆ, ಎಲ್ಲಿಗೆ ಹೋಗುತ್ತಾನೆ, ಸಂಜೆ ನಾನೇ ಹೊಲಕ್ಕೆ ನಡೆದು ಹೋಗಿ ಹೇಳುತ್ತೇನೆ, ಹಾಕು ಅಂತ, ಮನೆಗೆ ಬಾ ಅಂತ, ಅಷ್ಟೇ ಹೇಳುತ್ತೇನೆ, ಮಿಕ್ಕಿದ್ದನ್ನು ಹೇಗೆ ಹೇಳುವುದು, ಮೋಡದ ಮೇಲ್ಗಡೆಯ ಬಿಸಿಲು, ಬಿಳಿ ಗೆರೆಗಳು, ಅದಕ್ಕೆಲ್ಲ ಮಾತು ಎಲ್ಲಿಂದ ತರುವುದು, ಎಲ್ಲರೂ ದಿಬ್ಬ ಇಳಿಯುತ್ತಿದ್ದಾರೆ, ನಾನು ಮಾತ್ರ ಬುಟ್ಟಿ ಅಪ್ಪಿಕೊಂಡು ಕೂತಿದ್ದೇನೆ, ಕಿಟಕಿಯಲ್ಲಿ ಸಿಮೆಂಟು, ಸಿಮೆಂಟಿನ ಮೇಲೂ ಕಣ್ಣಿಗೆ ಅದೇ ಹಸಿರು, ಹಸಿರಿನ ಮೇಲೆ ಮರದ ನೆರಳು, ಅದರ ಪಕ್ಕದಲ್ಲಿ ತೆಳ್ಳಗೆ ಇನ್ನೊಂದು, ಯಾರು ನೋಡ್ತಾರೋ ನಿನ್ನ ಟೋಪಿನ ಅನ್ನುತ್ತಿದ್ದೆನಲ್ಲ ಇಷ್ಟು ವರ್ಷ, ನೋಡಿದೆ ಕಣೋ, ನಾನೇ ನೋಡಿದೆ, ನೆರಳಿನ ಕೈ ಮೈಯಿಂದ ಬಿಡಿಸಿಕೊಂಡು ಮೇಲೆ ಬರುತ್ತದೆ, ಪೂರ್ತಿ ಚಾಚುತ್ತದೆ, ಕೈಯ ತುದಿಯಲ್ಲಿ ಟೋಪಿ, ಮೇಲೆ ಬರುತ್ತದೆ, ಟೋಪಿ